ಮಾವನವರ ಅಂಗೈ

ಎಣ್ಣೆ ಸೋರದ ಯಂತ್ರ ವರ್ಕ್‌ಶಾಪಿಗೆ ಬಂದರೆ ನಮ್ಮ ಮಾವನವರಿಗೆ ಮೊದಲು ಹುಟ್ಟುವುದು ಅನುಮಾನ. "ಇದರೊಳಗೆ ಎಣ್ಣೆನೇ ಇಲ್ವೇನೋ, ನೋಡು ಮೊದ್ಲು" ಎಂದು ನನ್ನ ಗಂಡನಿಗೆ ಹೇಳುತ್ತಾರೆ. ಎಷ್ಟೋ ಸಲ ಅವರ ಮಾತೇ ನಿಜವಾಗಿರುತ್ತದೆ.

ನಮ್ಮಲ್ಲಿಗೆ ಬರುವುದೆಲ್ಲ ವಯಸ್ಸಾದ ಪುಟ್ಟ ಲೋಡರುಗಳು. ಒಬ್ಬ ಕೂರುವಷ್ಟು ಪಂಜರ, ಅದರ ಎರಡು ಪಕ್ಕಕ್ಕೆ ಕಬ್ಬಿಣದ ತೋಳು, ಮುಂದೆ ಬಕೆಟ್ಟು. ದೊಡ್ಡ ಯಂತ್ರ ತಿರುಗಲಾರದ ಗಲ್ಲಿಗೂ ನೆಲಮಾಳಿಗೆಗೂ ಇವು ನುಗ್ಗಿ ಮಣ್ಣು ಎತ್ತುತ್ತವೆ. ತೋಳನ್ನು ಎತ್ತುವುದು ಎಣ್ಣೆ. ಪಂಪು ಅದನ್ನು ಹೆಬ್ಬೆರಳು ದಪ್ಪದ ರಬ್ಬರ್ ಹೋಸುಗಳಲ್ಲಿ ಒತ್ತಿ ಕಳಿಸುತ್ತದೆ, ಆ ಒತ್ತಡಕ್ಕೆ ತೋಳು ಏಳುತ್ತದೆ. ಯಂತ್ರಕ್ಕೆ ಹದಿನೈದು ವರ್ಷ ದಾಟಿತೆಂದರೆ ಎಣ್ಣೆ ಸಿಕ್ಕಸಿಕ್ಕ ಸಂದಿಯಿಂದ ಆಚೆ ಬರಲು ನೋಡುತ್ತದೆ. ಆ ಸಂದಿಯನ್ನು ಹುಡುಕಿ ಮುಚ್ಚುವುದೇ ನಮ್ಮ ಮನೆಯ ಹೊಟ್ಟೆಪಾಡು.

ಹುಡುಕುವುದು ಮಾವನವರ ಅಂಗೈ. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಬಲಗೈಯನ್ನು ಹೋಸಿನ ಉದ್ದಕ್ಕೂ ಒಂದು ಬೆರಳಿನ ಅಂತರದಲ್ಲಿ ಸರಿಸಿಕೊಂಡು ಹೋಗುತ್ತಾರೆ. ಸುತ್ತ ನಿಂತವರು ಮಾತು ನಿಲ್ಲಿಸುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ. "ಇಲ್ಲಿ." ಅಷ್ಟೇ. ಬೇರೆ ವರ್ಕ್‌ಶಾಪಿನವರು ಅರ್ಧ ದಿನ ಒರೆಸಿ, ಬಗ್ಗಿ, ಟಾರ್ಚು ಬಿಟ್ಟು ಹುಡುಕುವುದನ್ನು ಅವರು ಟೀ ಆರುವುದರೊಳಗೆ ಹೇಳಿಬಿಡುತ್ತಾರೆ. ಮೂವತ್ತೈದು ವರ್ಷದಿಂದ ಹೀಗೆಯೇ.

ನಾನು ಜಾಬ್ ಕಾರ್ಡು ಬರೆಯುವವಳು. ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆಯ ಡಿಗ್ರಿಯನ್ನು ಏನು ಮಾಡುವುದೆಂದು ಎಲ್ಲರೂ ಯೋಚಿಸಿ ಕಂಡುಕೊಂಡ ಉಪಯೋಗ ಅದು. ಒಂದೊಂದು ಯಂತ್ರಕ್ಕೆ ಒಂದೊಂದು ಕಾರ್ಡು: ದೂರು ಏನು, ಪತ್ತೆ ಮಾಡಿದ ವಿಧಾನ, ಮಾಡಿದ ಕೆಲಸ. ಒಸರುವುದು ಬೇರೆ, ತೊಟ್ಟಿಕ್ಕುವುದು ಬೇರೆ, ಸೋರುವುದು ಬೇರೆ. ನಾನು ಮೂರನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಿದ್ದೆ. ಓದಿದವರು ಯಾರೂ ಇಲ್ಲ. 'ಪತ್ತೆ ಮಾಡಿದ ವಿಧಾನ' ಎಂಬಲ್ಲಿ ಏಳು ವರ್ಷದಿಂದ ಒಂದೇ ಪದ ಬರೆದಿದ್ದೇನೆ: ಅಂಗೈ.

ನನಗೆ ದಿಗಿಲು ಹತ್ತಿದ್ದು ಮೇಜಿನಿಂದ. ನಾನು ಬರೆಯುವ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಹಾಳೆ ಹಳದಿಯಾದ ದಪ್ಪ ಪುಸ್ತಕವೊಂದನ್ನು ಕೊಟ್ಟಿದ್ದರು. ಒಂದು ಮಧ್ಯಾಹ್ನ ಅದನ್ನು ಎಳೆದು ಮರದ ತುಂಡು ಕೊಟ್ಟೆ. ಪುಸ್ತಕ ಲೋಡರಿನ ಮ್ಯಾನ್ಯುಯಲ್ ಆಗಿತ್ತು. ಮೂವತ್ತೈದು ವರ್ಷದಲ್ಲಿ ಅದರಿಂದ ಮೇಜಿಗೆ ಬಿಟ್ಟರೆ ಇನ್ಯಾರಿಗೂ ಆಧಾರ ಸಿಕ್ಕಿರಲಿಲ್ಲ. ಓದುತ್ತ ಹೋದೆ. ಹನ್ನೊಂದನೇ ಪುಟದಲ್ಲಿ ಎರಡು ಚಿತ್ರ. ಒಂದರಲ್ಲಿ ಹೋಸಿನ ಬಳಿ ಬರಿಗೈ, ಅದರ ಮೇಲೆ ಕೆಂಪು ಕಾಟು. ಇನ್ನೊಂದರಲ್ಲಿ ಅದೇ ಕೈ, ಆದರೆ ಒಂದು ರಟ್ಟು ಹಿಡಿದಿದೆ. ಸೂಜಿಮೊನೆಯಷ್ಟು ತೂತಿನಿಂದ ಹೊಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ, ಇರುವೆ ಕಚ್ಚಿದಷ್ಟೇ ಗುರುತು, ಗಂಟೆಗಳು ಕಳೆದರೆ ಕೈಯನ್ನೇ ತೆಗೆಯಬೇಕಾದೀತು ಎಂದು ಕೆಳಗೆ ಬರೆದಿತ್ತು.

ಅಂದಿನಿಂದ ಮಾವ ಕಣ್ಣು ಮುಚ್ಚಿದಾಗೆಲ್ಲ ನಾನು ಕಣ್ಣು ಬಿಟ್ಟುಕೊಂಡು ಆ ಕೈಯನ್ನೇ ನೋಡತೊಡಗಿದೆ.

ಒಂದು ದಿನ ಧೈರ್ಯ ಮಾಡಿ ಪುಸ್ತಕ ಹಿಡಿದು ಹೋದೆ. ಮಾವ ತೋಳೆತ್ತುವ ಸಿಲಿಂಡರಿನ ಸೀಲು ಕೀಳುತ್ತಿದ್ದರು.

"ಮಾವ, ಇಲ್ಲೊಂದು ಚಿತ್ರ ಇದೆ, ನೋಡಿ."

ಅವರು ನೋಡಿದರು. "ಈ ಕೈ ಯಾರದಮ್ಮಾ?"

"ಯಾರದೋ. ಬರೆದ ಚಿತ್ರ."

"ಅದಕ್ಕೇ. ಒಂದು ಉಗುರಲ್ಲೂ ಕೊಳೆ ಇಲ್ಲ. ಇಂಥ ಕೈಗೆ ಎಣ್ಣೆ ನುಗ್ಗದೆ ಏನು ಮಾಡುತ್ತೆ?"

ನನ್ನ ಗಂಡ ಯಂತ್ರದ ಕೆಳಗಿನಿಂದಲೇ ನಕ್ಕ. ನಾನು ಬಿಡಲಿಲ್ಲ. "ಮೂರುಬೆರಳಿನವರಿಗೆ ಏನಾಯ್ತು ಹಾಗಾದ್ರೆ?"

ಮೂರುಬೆರಳು ಎಂದರೆ ಮುಂದಿನ ಬೀದಿಯ ಮೆಕ್ಯಾನಿಕ್ಕು. ಮಾವನ ಜೊತೆಯಲ್ಲೇ ಕೆಲಸ ಕಲಿತವರು. ಹೆಸರು ಹೇಳಿದರೆ ಈಗ ಅವರ ಹೆಂಡತಿಗೂ ಗುರುತು ಸಿಗಲಿಕ್ಕಿಲ್ಲ.

"ಅವನದು ರಕ್ತ ಕೆಟ್ಟಿತ್ತು" ಎಂದರು ಮಾವ. "ಅದೂ ಅಲ್ದೆ ಅವನ ಕೈಯಲ್ಲಿ ಸೂಕ್ಷ್ಮ ಇರ್ಲಿಲ್ಲ. ಹೋಗು, ಟೀ ಇಟ್ಟಿದಾಳೇನೋ ನಿಮ್ಮತ್ತೆ, ನೋಡು."

ರಕ್ತ ಹೇಗೆ ಕೆಟ್ಟಿತೆಂದು ಕೇಳಲು ನಾನು ಮೂರುಬೆರಳಿನವರ ಹತ್ತಿರವೇ ಹೋದೆ. ಅವರು ಟಿನ್ನಿನ ಶೆಡ್ಡಿನಲ್ಲಿ ಕೂತು, ಎಣ್ಣೆ ಸೋರದಂತೆ ಸಂದಿಗೆ ಕೂರಿಸುವ ರಬ್ಬರಿನ ಓ-ರಿಂಗುಗಳನ್ನು ಅಳತೆ ಪ್ರಕಾರ ತಂತಿಗೆ ಪೋಣಿಸುತ್ತಿದ್ದರು.

"ಇರುವೆ ಅಂದ್ಕೊಂಡೆ ಕಣಮ್ಮಾ" ಎಂದರು. "ಚುರ್ ಅಂತು. ಕೈ ಒರೆಸ್ಕೊಂಡು ಊಟಕ್ಕೆ ಹೋದೆ. ಬೆಳಿಗ್ಗೆ ಎದ್ರೆ ಕೈ ಬದನೇಕಾಯಿ ಆಗಿತ್ತು. ಡಾಕ್ಟ್ರು ಕೇಳಿದ್ರು, ಏನಾಯ್ತು? ಇರುವೆ ಸಾರ್ ಅಂದೆ. ಆ ಪುಣ್ಯಾತ್ಮ ಮೂರು ದಿನ ಇರುವೆಗೇ ಔಷಧ ಕೊಟ್ಟ."

"ಇದನ್ನ ನಮ್ಮ ಮಾವನಿಗೆ ಹೇಳಬಹುದಿತ್ತಲ್ಲ ನೀವು?"

"ಹೇಳ್ದೆ. ನಿನ್ನ ಕೈಗೆ ಸೂಕ್ಷ್ಮ ಇಲ್ಲ ಅಂದ." ಅವರು ಉಳಿದ ಮೂರು ಬೆರಳಲ್ಲಿ ಸಾಸಿವೆಯಷ್ಟು ರಿಂಗೊಂದನ್ನು ಎತ್ತಿ ತಂತಿಗೆ ಹಾಕಿದರು. "ಇರ್ಲಿ ಬಿಡು. ಕೈ ಇರೋವರೆಗೂ ಎಲ್ರೂ ಹಾಗೇನೇ."

ಇಷ್ಟರಲ್ಲಿ ಸಂಘದವರು ಬಂದರು.

ಹಳೆಯ ಲೋಡರುಗಳ ಮಾಲೀಕರಿಗೂ ರಿಪೇರಿಯವರಿಗೂ ಸೇರಿ ಒಂದು ಸಂಘವಿದೆ. ಅದಕ್ಕೆ ಇಪ್ಪತ್ತೈದು ವರ್ಷ ತುಂಬಿತ್ತು. ಏನಾದರೂ ಮಾಡಬೇಕೆಂದು ನಾಲ್ಕು ಸಭೆ ಸೇರಿ, ನಾಲ್ಕನೆಯದರಲ್ಲಿ ಯಾರನ್ನಾದರೂ ಸನ್ಮಾನಿಸುವುದೆಂದು ತೀರ್ಮಾನಿಸಿದರು. ಅಧ್ಯಕ್ಷರು ಲೋಡರುಗಳನ್ನು ಬಾಡಿಗೆಗೆ ಬಿಡುವವರು. ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದ್ದನ್ನು ಯಾರೂ ನೋಡಿಲ್ಲ; ಆ ಅಂಗಿಗೆ ಎಣ್ಣೆ ತಾಗಿದ್ದನ್ನೂ ನೋಡಿಲ್ಲ. ಅವರು ನಮ್ಮ ವರ್ಕ್‌ಶಾಪಿನ ಬಾಗಿಲಲ್ಲೇ, ಒಣ ನೆಲ ಹುಡುಕಿ ನಿಂತು ಹೇಳಿದರು:

"ನಿಮ್ಮನ್ನಲ್ಲ ಯಜಮಾನ್ರೇ, ನಿಮ್ಮ ಅಂಗೈನ ಸನ್ಮಾನ ಮಾಡ್ತಿದೀವಿ. ಬಂಗಾರದ ಅಂಗೈ ಅಂತ ಬಿರುದು. ಹಿತ್ತಾಳೆಲಿ ನಿಮ್ಮ ಅಂಗೈದೇ ಅಚ್ಚು."

"ಬಂಗಾರ ಅಂದ್ರಲ್ಲ?" ಎಂದರು ಒಳಗಿನಿಂದ ಅತ್ತೆ.

"ಬಂಗಾರ ಬಿರುದಿಗೆ, ಅಮ್ಮ. ಅಚ್ಚು ಹಿತ್ತಾಳೆದು."

ಮಾವ ಏನೂ ಆಗದವರಂತೆ ಸ್ಪ್ಯಾನರ್ ಒರೆಸಿದರು. ಆದರೆ ಆ ಸಂಜೆ ಅವರು ಸೋಪು ಹಚ್ಚಿ ಬಲಗೈ ತೊಳೆದದ್ದು ಮೂರು ಸಲ. ನಾನು ಎಣಿಸಿದ್ದೆ.

ಅಚ್ಚಿಗಾಗಿ ಎರಕದವನು ಬಂದು ಮಾವನ ಬಲಗೈಯನ್ನು ಪ್ಲಾಸ್ಟರ್ ತುಂಬಿದ ಡಬ್ಬದಲ್ಲಿ ಮುಳುಗಿಸಿ, ಗಟ್ಟಿಯಾಗುವವರೆಗೆ ಅಲುಗಾಡಬೇಡಿ ಎಂದು ಹೇಳಿ ಬೀಡಿ ಸೇದಲು ಹೋದ. ಒಂದು ಗಂಟೆ ಬರಲೇ ಇಲ್ಲ. ಆ ಒಂದು ಗಂಟೆ ನನಗೆ ಮರೆಯುವುದಿಲ್ಲ. ಮಾವ ಎಡಗೈಯಲ್ಲಿ ಟೀ ಎತ್ತಲು ಹೋಗಿ ಎದೆಯ ಮೇಲೆ ಚೆಲ್ಲಿಕೊಂಡರು. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಅಂಗಿಯ ಗುಂಡಿ ಬಿಚ್ಚಲಾಗಲಿಲ್ಲ. ಬೆನ್ನು ಕೆರೆಯಿತು. ಅತ್ತೆ ಒಲೆಗೂ ಅವರಿಗೂ ಓಡಾಡಿ ಸುಸ್ತಾದರು.

"ಒಂದು ಗಂಟೆಗೇ ಇಷ್ಟು!" ಎಂದು ಅವರ ಬಾಯಿ ಒರೆಸುತ್ತ ಅತ್ತೆ ರೇಗಿದರು. "ಕೈ ಡಬ್ಬದಲ್ಲಿರೋ ಗಂಡನ್ನ ನೋಡ್ಕೊಳ್ಳೋದಕ್ಕಿಂತ ಕೂಸು ಸಾಕೋದು ವಾಸಿ. ಕೂಸಾದ್ರೂ ದಿನಾ ಸ್ವಲ್ಪ ಬುದ್ಧಿ ಕಲಿಯುತ್ತೆ."

ಎಲ್ಲರೂ ನಕ್ಕರು. ಮಾವನೂ ನಕ್ಕರು. ನಾನೊಬ್ಬಳೇ ಆ ಡಬ್ಬವನ್ನು ನೋಡುತ್ತಿದ್ದೆ. ಮಣಿಕಟ್ಟಿನಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಸನ್ಮಾನವಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅಧ್ಯಕ್ಷರಿಗೆ ಪ್ರಾತ್ಯಕ್ಷಿಕೆ ಬೇಕಿತ್ತು. ಜನರ ಎದುರಿಗೆ ಮಾವ ಕಣ್ಣು ಮುಚ್ಚಿ, ಅಂಗೈ ಆಡಿಸಿ, ಸೋರಿಕೆ ಹಿಡಿಯಬೇಕು, ಫೋಟೋ ಆಗಬೇಕು. ಅದಕ್ಕೆ ಆರಿಸಿದ ಯಂತ್ರ ನಮ್ಮದೇ ಗೊಣಗಮ್ಮ. ನನ್ನ ಮದುವೆಗಿಂತ ಹಳೆಯದು, ಸ್ಟಾರ್ಟ್ ಮಾಡಿದರೆ ಒಂದೇ ಸಮ ಗೊಣಗುವುದರಿಂದ ಆ ಹೆಸರು.

"ಅವತ್ತು ಸೋರದೇ ಇದ್ರೆ?" ಎಂದು ಕೇಳಿದೆ.

"ಹೆಂಗೆ ಸೋರಲ್ಲ?" ಎಂದ ನನ್ನ ಗಂಡ. "ಎಡತೋಳಿನ ಸಿಲಿಂಡರ್ ಹತ್ರ ನಟ್ಟನ್ನ ನಾನೇ ಅರ್ಧ ಸುತ್ತು ಸಡಿಲ ಮಾಡಿಟ್ಟಿರ್ತೀನಿ. ಅಪ್ಪನಿಗೂ ಹೇಳಿದೀನಿ. ಎಲ್ಲಿದೆ ಅಂತ ಗೊತ್ತಿಲ್ದೆ ಅಷ್ಟು ಜನರ ಮುಂದೆ ಹುಡುಕೋಕಾಗುತ್ತಾ?"

"ಮತ್ತೆ ಅಂಗೈ ಯಾಕೆ?"

"ಅಂಗೈಗೇ ತಾನೇ ಸನ್ಮಾನ!"

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ನಮ್ಮ ವರ್ಕ್‌ಶಾಪಿನ ಅಂಗಳದಲ್ಲಿ ತಾಲೀಮು ನಡೆಯಿತು. ಫೋಟೋದಲ್ಲಿ ಭಾರಿಯಾಗಿ ಕಾಣಲೆಂದು ಸಂಘದವರು ಬಕೆಟ್ಟಿನ ತುಂಬ ಕಾಂಕ್ರೀಟ್ ಕಲ್ಲು ಹಾಕಿ ಎತ್ತಿಸಿದರು. ಮಾವ ಇನ್ನೂ ಬಂದಿರಲಿಲ್ಲ. ನನ್ನ ಗಂಡ ಪಂಜರದಲ್ಲಿ ಕೂತಿದ್ದ. ಗೊಣಗಮ್ಮ ಕಷ್ಟಪಟ್ಟು ತೋಳು ಎತ್ತಿತು. ಆಗ ಗೋಡೆಯಾಚೆಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ನಾನು ಅದನ್ನು ನೋಡಿದೆ. ಹೊಗೆ ಎಂದರೆ ತಪ್ಪಾದೀತು, ಹೊಗೆ ಅಲೆಯುತ್ತದೆ. ಇದು ನೇರವಾಗಿತ್ತು. ಎಡತೋಳಿನ ಹೋಸಿನಿಂದ ಕೂದಲೆಳೆಯಂತೆ ಹೊರಟು, ಒಂದು ಗೇಣು ದೂರ ಹೋಗಿ ಮಂಜಾಗಿ ಚದುರುತ್ತಿತ್ತು. ಸಡಿಲ ಮಾಡಬೇಕೆಂದಿದ್ದ ನಟ್ಟಿಗಿಂತ ಅರ್ಧ ಗೇಣು ಈಚೆ. ಎಂದರೆ ಮಾವನ ಅಂಗೈ ನಟ್ಟು ಮುಟ್ಟುವ ಮೊದಲು ಹಾದುಹೋಗುವ ದಾರಿಯಲ್ಲಿ.

"ರೀ! ನಿಲ್ಸಿ!"

ಅವನು ಬಕೆಟ್ಟು ಇಳಿಸಿ, ಎಂಜಿನ್ ಆರಿಸಿ, ಇಳಿದು ಬಂದ. ಇಳಿಸಿದ ಮೇಲೆ ಒತ್ತಡವೇ ಇಲ್ಲ. ಹೋಸು ಒಣಗಿ ಸಾಧುವಿನ ಹಾಗೆ ತೂಗುತ್ತಿತ್ತು. ಅವನು ಒರೆಸಿ ನೋಡಿದ, ನೆಲ ನೋಡಿದ, ನನ್ನ ಮುಖ ನೋಡಿದ.

"ಎಲ್ಲಿದೆ?"

"ಭಾರ ಎತ್ತಿದಾಗ ಮಾತ್ರ ಬರುತ್ತೆ. ಹೋಸು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸವೆದಿದೆ ನೋಡಿ ಇಲ್ಲಿ."

"ಸವೆದಿರೋದು ಎಲ್ಲ ಕಡೆನೂ ಸವೆದಿದೆ. ಸೋರಿದ್ರೆ ನೆಲದ ಮೇಲೆ ಎಣ್ಣೆ ಬೇಡ್ವಾ?"

"ಇನ್ನೊಂದು ಸಲ ಎತ್ತಿ ನೋಡೋಣ."

"ಸಂಘದವರ ಕಲ್ಲು ಮಾರಾಯ್ತಿ, ಬಕೆಟ್ಟಿಂದ ತೆಗೆದೂ ಆಯ್ತು. ಆ ಪುಸ್ತಕ ಮೇಜಿನ ಕಾಲಿಗೇ ಇರ್ಲಿ ಅಂತ ಅಪ್ಪ ಹೇಳಿದ್ದು ಇದಕ್ಕೇ."

"ಹೊಸ ಹೋಸನ್ನಾದ್ರೂ ಹಾಕ್ಬಿಡಿ. ಒಂದು ಗಂಟೆ ಕೆಲಸ."

"ಹೊಸ ಹೋಸ್ ಮಿರಮಿರ ಅಂತ ಫೋಟೋದಲ್ಲಿ ಕಂಡ್ರೆ ಹಳೇ ಮಷೀನು ಅಂತ ಯಾರು ನಂಬ್ತಾರೆ?"

"ಬೇರೆ ಮಷೀನ್ ತಗೊಳ್ಳಿ."

"ಬ್ಯಾನರ್ ಪ್ರಿಂಟ್ ಆಗೋಗಿದೆ. ಅದರಲ್ಲಿ ಗೊಣಗಮ್ಮನೇ ಇರೋದು."

ಆಮೇಲೆ ಮಾವ ಬಂದರು, ನಾನು ಹೇಳಿದೆ, ಅವರು ಖಾಲಿ ಬಕೆಟ್ಟು ಎತ್ತಿಸಿ ಕಣ್ಣು ಮುಚ್ಚಿ ಅಂಗೈ ಆಡಿಸಿದರು. ಅಂಗೈ ಆ ಜಾಗ ದಾಟಿತು. ಖಾಲಿ ಬಕೆಟ್ಟಿಗೆ ಅಷ್ಟು ಒತ್ತಡ ಬೇಕಿಲ್ಲವಲ್ಲ, ಏನೂ ಆಗಲಿಲ್ಲ. "ಒಣಗಿದೆ ಕಣಮ್ಮಾ" ಎಂದು ನನ್ನ ಭುಜ ತಟ್ಟಿ ಹೋದರು. ಹಾಗೆ ತಟ್ಟಿದ್ದೂ ಅದೇ ಕೈ.

ಎರಡು ದಿನ ನಾನು ಏನೇನೋ ಯೋಚಿಸಿದೆ. ಹೋಸನ್ನು ಚಾಕುವಿನಿಂದ ಕೊಯ್ದುಬಿಡುವುದು. ಬ್ಯಾಟರಿ ತಂತಿ ಕಿತ್ತು ಅಡಗಿಸಿಡುವುದು. ನನಗೇ ಕಾಯಿಲೆ ಬಂತೆಂದು ಮಲಗುವುದು. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ದಿನಾ ನಾಲ್ಕು ಸಲ ನೋಡುವವಳು ನಾನು. ಚಾಕು ಹಿಡಿಯುವ ಗುಂಡಿಗೆ ಎಲ್ಲಿಂದ ಬರಬೇಕು?

ಮೂರನೆಯ ದಿನ ಅಧ್ಯಕ್ಷರು ಹೇಳಿಕಳಿಸಿದರು: ಅಭಿನಂದನಾ ಪತ್ರ ಬರೆದುಕೊಡಬೇಕು, ಓದುವುದೂ ನಾನೇ. 'ಮನೆಯಲ್ಲೇ ಓದಿದವರಿರುವಾಗ ಹೊರಗಿನವರಿಗೆ ಯಾಕೆ ತೊಂದರೆ.'

ನಾನು ಮೂರು ಪ್ಯಾರಾ ಬರೆದೆ. ಮೊದಲನೆಯದರಲ್ಲಿ ಸಂಘದ ಹಿರಿಮೆ, ಅಧ್ಯಕ್ಷರ ದೂರದೃಷ್ಟಿ. ಎರಡನೆಯದರಲ್ಲಿ ಮಾವನ ಮೂವತ್ತೈದು ವರ್ಷ. ಮೂರನೆಯದನ್ನು ಬರೆದು, ಹರಿದು, ಮತ್ತೆ ಬರೆದೆ.

ಬರೆದದ್ದನ್ನು ಎಲ್ಲರಿಗೂ ತೋರಿಸಿದೆ. ಬಚ್ಚಿಟ್ಟೆ ಎಂದು ನಾಳೆ ಯಾರೂ ಅನ್ನಬಾರದು. ಅಧ್ಯಕ್ಷರು ಮೊದಲ ಪ್ಯಾರಾ ಎರಡು ಸಲ ಓದಿ, 'ದೂರದೃಷ್ಟಿ'ಯ ಹಿಂದೆ 'ಅಪಾರ' ಸೇರಿಸಿ, ಮೂಲೆಯಲ್ಲಿ ತಮ್ಮ ಫೋಟೋ ಹಾಕಲು ಹೇಳಿದರು. ನನ್ನ ಗಂಡ ವರ್ಕ್‌ಶಾಪಿನ ಫೋನ್ ನಂಬರ್ ಇದೆಯೇ ಎಂದು ನೋಡಿದ. ಮಾವ ಕನ್ನಡಕ ಹಾಕಿಕೊಂಡು ಎರಡನೇ ಪ್ಯಾರಾದ ನಡುವಿನವರೆಗೆ ಬಂದರು. ಕಣ್ಣು ಒದ್ದೆಯಾಯಿತು, ಕನ್ನಡಕ ತೆಗೆದು ಮಡಚಿಟ್ಟರು. "ಚೆನ್ನಾಗಿ ಬರ್ದಿದೀಯ" ಎಂದರು. ಮೂರನೆಯ ಪ್ಯಾರಾ ಹಾಗೆಯೇ ಪ್ರೆಸ್ಸಿಗೆ ಹೋಯಿತು.

"ಯಾವ ಕಾಗದಮ್ಮಾ?" ಎಂದು ಕೇಳಿದ ಪ್ರೆಸ್ಸಿನವನು.

"ಕಾಗದ ಬೇಡ. ದಪ್ಪ ರಟ್ಟಿನ ಮೇಲೆ ಹಾಕಿ. ನಿಮ್ಮಲ್ಲಿರೋದ್ರಲ್ಲೇ ದಪ್ಪದ್ದು."

"ಫ್ರೇಮ್ ಹಾಕ್ತೀರಲ್ಲ, ಅಷ್ಟು ದಪ್ಪ ಯಾಕೆ?"

"ಫ್ರೇಮು ಬೇಡ" ಎಂದೆ.

ಕಾರ್ಯಕ್ರಮ ಸಂಘದ ಅಂಗಳದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಬ್ಯಾನರು. ಬ್ಯಾನರಿನ ಕೆಳಗೆ ತೊಳೆದು ಮಿಂದ ಗೊಣಗಮ್ಮ, ಬಕೆಟ್ಟಿನಲ್ಲಿ ತಾಲೀಮಿಗಿಂತ ಹೆಚ್ಚು ಕಲ್ಲು. ಹಿಂದಿನ ದಿನ ಅಧ್ಯಕ್ಷರು ಬಂದು ನೋಡಿ, "ಬಕೆಟ್ ಬಡಕಲಾಗಿ ಕಾಣುತ್ತೆ, ಇನ್ನೊಂದಷ್ಟು ಹಾಕಿ" ಎಂದಿದ್ದರಂತೆ. ಮುಂದಿನ ಸಾಲಿನಲ್ಲಿ ಅತ್ತೆ. ಕೊನೆಯ ಸಾಲಿನಲ್ಲಿ ಮೂರುಬೆರಳು, ಬಲಗೈ ಜೇಬಿನಲ್ಲಿ.

ಅಧ್ಯಕ್ಷರು ನಲವತ್ತು ನಿಮಿಷ ಮಾತಾಡಿದರು. ಅಂಗೈ ಎಂಬ ಮಾತು ಮೂವತ್ತೆಂಟನೇ ನಿಮಿಷಕ್ಕೆ ಬಂತು. ಹಿತ್ತಾಳೆಯ ಕೈಯನ್ನು ಮಾವನಿಗೆ ಕೊಟ್ಟಾಗ ಅವರು ತಮ್ಮ ಕೈಯಿಂದಲೇ ತಮ್ಮ ಕೈಯನ್ನು ಹಿಡಿದುಕೊಂಡು ಯಾವ ಕಡೆ ನೋಡಬೇಕೆಂದು ತಿಳಿಯದೆ ನಿಂತರು. ಆಮೇಲೆ ನನ್ನನ್ನು ಕರೆದರು.

ಮೊದಲ ಎರಡು ಪ್ಯಾರಾ ಹೇಗೆ ಓದಿದೆನೋ ನೆನಪಿಲ್ಲ. ಮೂರನೆಯದಕ್ಕೆ ಬಂದಾಗ ದನಿ ಎತ್ತರಿಸಿದೆ.

"'ಇಷ್ಟೆಲ್ಲ ಪಳಗಿದ ಅಂಗೈ ತಮ್ಮದಾಗಿದ್ದರೂ, ಮೊದಲು ರಟ್ಟನ್ನು ಹಿಡಿದು ನೋಡದೆ ಓಡುತ್ತಿರುವ ಯಂತ್ರದ ಹೋಸಿನ ಬಳಿಗೆ ಬರಿಗೈ ಒಯ್ಯದ ಶಿಸ್ತು ತಮ್ಮದು. ಸೂಜಿಮೊನೆಯಷ್ಟು ತೂತಿನ ಎಣ್ಣೆ ಕೈಯನ್ನೇ ಬಲಿ ತೆಗೆದುಕೊಳ್ಳಬಲ್ಲದೆಂದು ಜೊತೆಯವರಿಗೆಲ್ಲ ಎಚ್ಚರ ಹೇಳುತ್ತ ಬಂದವರು ತಾವು. ತಮ್ಮ ಅಂಗೈ ಇಂದಿಗೂ ಬಂಗಾರವಾಗಿ ಉಳಿದಿರುವುದರ ಗುಟ್ಟು ಆ ರಟ್ಟು.'"

ಓದಿ ಮುಗಿಸಿ ಪತ್ರವನ್ನು ಮಾವನ ಕೈಗೆ ಕೊಟ್ಟೆ. ಪಂಜರದಲ್ಲಿ ಕೂತಿದ್ದ ನನ್ನ ಗಂಡ ತಲೆ ಆಚೆ ಹಾಕಿ ನೋಡಿದ. ಮಾವನ ಬಾಯಿ ಅರ್ಧ ತೆರೆದಿತ್ತು. ಅವರು ನನ್ನನ್ನು ನೋಡಿದ ರೀತಿಗೆ ಹೆಸರಿಡಲು ನನಗೆ ಇವತ್ತಿಗೂ ಆಗಿಲ್ಲ. ಸಿಟ್ಟು ಇತ್ತು, ನಿಜ. ಬೇರೆ ಯಾರದೋ ಅಂಗಿ ತೊಡಿಸಿಕೊಂಡವರ ಮುಜುಗರವೂ ಇತ್ತು.

ಕೊನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಮೂರುಬೆರಳು ಜೇಬಿನಿಂದ ಕೈ ತೆಗೆದು ಚಪ್ಪಾಳೆ ತಟ್ಟತೊಡಗಿದರು. ಆ ಕೈಯಿಂದ ಸದ್ದು ಸರಿಯಾಗಿ ಹೊರಡುವುದಿಲ್ಲ. ಅದನ್ನು ನೋಡಿ ಉಳಿದವರೆಲ್ಲ ಜೋರಾಗಿ ತಟ್ಟಿದರು.

ಅಧ್ಯಕ್ಷರು ಮೈಕು ಎಳೆದುಕೊಂಡರು. "ಇದೇ! ಈ ಶಿಸ್ತನ್ನೇ ನಾನು ಸಂಘದ ಪ್ರತಿ ಸಭೆಯಲ್ಲೂ ಹೇಳ್ತಾ ಬಂದಿರೋದು! ಯಜಮಾನ್ರೇ, ರಟ್ಟು ಹಿಡಿದು ತೋರಿಸಿ ಎಲ್ರಿಗೂ!"

ಹಿಂದಿನ ಘಳಿಗೆಯವರೆಗೆ ಅವರಿಗೆ ರಟ್ಟು ಎಂದರೆ ಯಂತ್ರದ ಭಾಗವೋ ತಿನ್ನುವ ವಸ್ತುವೋ ಗೊತ್ತಿರಲಿಲ್ಲ.

"ರಟ್ಟು... ರಟ್ಟು ತಂದಿಲ್ಲ ಇವತ್ತು" ಎಂದರು ಮಾವ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಏ, ಕೈಯಲ್ಲೇ ಇದೆಯಲ್ಲೋ ಮಾರಾಯ!" ಎಂದು ಕೊನೆಯ ಸಾಲಿನಿಂದ ಮೂರುಬೆರಳು ಕೂಗಿದರು. "ಈಗಷ್ಟೇ ಸೊಸೆ ಕೊಟ್ಳಲ್ಲ!"

ಜನ ನಕ್ಕರು. ಮಾವ ಕೈಯಲ್ಲಿದ್ದ ಅಭಿನಂದನಾ ಪತ್ರವನ್ನು ನೋಡಿದರು, ಜನರನ್ನು ನೋಡಿದರು, ಹಿತ್ತಾಳೆಯ ಕೈಯನ್ನು ಅತ್ತೆಯ ಮಡಿಲಿಗೆ ಕೊಟ್ಟು ಯಂತ್ರದ ಕಡೆ ನಡೆದರು. ಅಷ್ಟು ಜನ ಹೊಗಳಿದ ಮೇಲೆ, ಆ ಹೊಗಳಿಕೆಯ ಪ್ರಕಾರ ನಡೆಯದೆ ಬೇರೆ ದಾರಿಯೇ ಇರಲಿಲ್ಲ.

ಗೊಣಗಮ್ಮ ಗೊಣಗಿತು. ತೋಳು ಸೊಂಟದ ಎತ್ತರಕ್ಕೆ ಎದ್ದು, ಕಲ್ಲಿನ ಭಾರಕ್ಕೆ ನಡುಗುತ್ತ ನಿಂತಿತು. ಮಾವ ಪಕ್ಕದಲ್ಲಿ ನಿಂತು, ಪತ್ರದ ಕೆಳತುದಿ ಹಿಡಿದು, ಮೇಲಿನ ಭಾಗವನ್ನು ಹೋಸಿನ ಹತ್ತಿರ ತಂದರು. ಬೇಗ ಬೇಗ ಸರಿಸಿದರು; ಈ ನಾಟಕ ಮುಗಿಸಿ ಆ ನಟ್ಟು ಹಿಡಿದರೆ ಸಾಕಾಗಿತ್ತು ಅವರಿಗೆ. ಎಡಗೈಯಲ್ಲಿ ರಟ್ಟು, ಅದರ ಹಿಂದೆಯೇ ಹೊರಡಲು ಸಿದ್ಧವಾಗಿ ಬಲಗೈ.

ಫಸ್ ಎಂದಿತು.

ರಟ್ಟು ಅವರ ಕೈಯಲ್ಲಿ ಅದುರಿತು. ಮೂಲೆಯಲ್ಲಿದ್ದ ಅಧ್ಯಕ್ಷರ ಫೋಟೋದಲ್ಲಿ, ಸರಿಯಾಗಿ ಎಡಗೆನ್ನೆಯ ಮೇಲೆ, ಒಂದು ತೂತು. ಆ ತೂತಿನಿಂದ ಎಣ್ಣೆಯ ಮಂಜು ಆಚೆ ಚಿಮ್ಮಿ ಬ್ಯಾನರಿನ ಮೇಲೆ ಬಿತ್ತು. ಎಣ್ಣೆ ಹೀರುತ್ತ ಹೀರುತ್ತ ಅಧ್ಯಕ್ಷರ ಮುಖ ಕಪ್ಪಾಯಿತು, ಅದರ ಕೆಳಗಿನ 'ಅಪಾರ'ವೂ ಕಪ್ಪಾಯಿತು.

ಮಾವ ಬಲಗೈಯನ್ನು ಸರಕ್ಕನೆ ಎದೆಗೆ ಎಳೆದುಕೊಂಡರು.

"ಇಳಿಸೋ!" ಎಂದು ಕೂಗಿದ್ದು ನಾನಂತೆ. ನನ್ನ ಗಂಡನಿಗೆ ನಾನು 'ಇಳಿಸೋ' ಎಂದು ಅಷ್ಟು ಜನರ ಮುಂದೆ, ಅದೂ ಮೈಕಿನಲ್ಲಿ, ಅಂದದ್ದನ್ನು ಅತ್ತೆ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಅವನು ಇಳಿಸಿದ, ಎಂಜಿನ್ ಆರಿಸಿದ.

ಚಪ್ಪಾಳೆ ಎಂದರೆ ಎಂಥ ಚಪ್ಪಾಳೆ! ಎಲ್ಲವೂ ಮೊದಲೇ ಏರ್ಪಾಡಾದದ್ದೆಂದು ಜನ ತಿಳಿದರು. ಅಧ್ಯಕ್ಷರು ಬಗ್ಗಿ ನನ್ನ ಗಂಡನ ಕಿವಿಯಲ್ಲಿ, "ಇಷ್ಟು ಚೆನ್ನಾಗಿ ಮಾಡ್ತೀರ ಅಂದ್ಕೊಂಡಿರ್ಲಿಲ್ಲ. ಆದ್ರೆ ನನ್ನ ಫೋಟೋನೇ ಯಾಕೆ?" ಎಂದರಂತೆ. ಆಮೇಲೆ ಮೈಕಿನಲ್ಲಿ, "ಬಂಗಾರದ ಅಂಗೈ ಮತ್ತೊಮ್ಮೆ ತನ್ನ ಮಹಿಮೆ ತೋರಿಸಿದೆ!" ಎಂದು ಘೋಷಿಸಿದರು. ಆ ಅಂಗೈ ಹೋಸಿನ ಹತ್ತಿರಕ್ಕೂ ಹೋಗಿರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಸಡಿಲ ಮಾಡಿದ್ದ ನಟ್ಟು ಪಾಪ, ತನ್ನ ಸರದಿ ಬರಲೇ ಇಲ್ಲವೆಂದು ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು.

ಮನೆಗೆ ಬಂದ ಮೇಲೆ ಮಾವ ಕೈ ತೊಳೆಯಲಿಲ್ಲ. ವರಾಂಡದಲ್ಲಿ ಕೂತು ರಟ್ಟನ್ನು ಬೆಳಕಿಗೆ ಹಿಡಿದರು. ತೂತಿನಿಂದ ಸಾಸಿವೆಯಷ್ಟು ಬಿಸಿಲು ಅವರ ಬಲ ಅಂಗೈ ಮೇಲೆ ಬಿತ್ತು. ಅವರು ಕೈಯನ್ನು ಅತ್ತ ಇತ್ತ ಸರಿಸಿದರು, ಆ ಚುಕ್ಕೆ ಒಮ್ಮೆ ಬೆರಳಿನ ಬುಡಕ್ಕೆ, ಒಮ್ಮೆ ಮಣಿಕಟ್ಟಿಗೆ ಹೋಯಿತು. ಅತ್ತೆ ತಂದಿಟ್ಟ ಟೀ ಆರಿತು.

"ಆ ಡಬ್ಬದಲ್ಲಿ ಕೈ ಇಟ್ಕೊಂಡು ಕೂತಿದ್ದೆನಲ್ಲ ಅವತ್ತು" ಎಂದರು, ಯಾರಿಗೂ ಅಲ್ಲ ಎಂಬಂತೆ.

ಸ್ವಲ್ಪ ಹೊತ್ತಿಗೆ ಎದ್ದು ಚಪ್ಪಲಿ ಮೆಟ್ಟಿ ಹೊರಟರು. ಕಿಟಕಿಯಿಂದ ನೋಡಿದೆ. ಮುಂದಿನ ಬೀದಿಗೆ ತಿರುಗಿದರು, ಮೂರುಬೆರಳಿನವರ ಶೆಡ್ಡಿನ ಕಡೆ. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಬರುವಾಗ ಕೈಯಲ್ಲಿ ಒಂದು ತಂತಿ ಓ-ರಿಂಗು ಇತ್ತು.

ಮರುದಿನ ಅಧ್ಯಕ್ಷರು ಫೋನು ಮಾಡಿದರು. ಪತ್ರ ಹಾಳಾಗಿದೆ, ಹೊಸದು ಪ್ರಿಂಟ್ ಮಾಡಿಸಿ ಗಾಜಿನ ಫ್ರೇಮು ಹಾಕಿಸಿಕೊಡುತ್ತೇವೆ, ಹಳೆಯದನ್ನು ವಾಪಸು ಕೊಡಿ ಎಂದರು. ಮಾವ, "ಹೊಸದು ನೀವೇ ಇಟ್ಕೊಳ್ಳಿ. ನಂಗೆ ಇದೇ ಇರ್ಲಿ, ಕೆಲಸಕ್ಕೆ ಬೇಕು" ಎಂದರು. ಹಿತ್ತಾಳೆಯ ಕೈಯನ್ನು ಅತ್ತೆ ಅದಾಗಲೇ ಬಚ್ಚಲುಮನೆಯ ಬಾಗಿಲಲ್ಲಿ ನಿಲ್ಲಿಸಿ ಅದರ ಐದು ಬೆರಳಿಗೂ ಒದ್ದೆ ಬಟ್ಟೆ ಹರವಿದ್ದರು.

ನನ್ನ ಗಂಡ ಗೊಣಗಮ್ಮನಿಗೆ ಹೊಸ ಹೋಸು ಹಾಕಿ ನಟ್ಟು ಬಿಗಿ ಮಾಡಿದ. ನನ್ನ ಕಡೆ ನೋಡದೆಯೇ, "ಮಿರಮಿರ ಅಂತಿದೆ, ಚೆನ್ನಾಗೇ ಕಾಣುತ್ತೆ" ಎಂದ. ಇಷ್ಟು ಸಾಕಾಗಿತ್ತು ನನಗೆ. ಜಾಬ್ ಕಾರ್ಡು ತೆಗೆದು ಕೂತೆ. ದೂರು: ಭಾರ ಎತ್ತಿದಾಗ ಎಡತೋಳಿನ ಹೋಸಿನಿಂದ ಎಣ್ಣೆ ಚಿಮ್ಮುವುದು. 'ಪತ್ತೆ ಮಾಡಿದ ವಿಧಾನ' ಎಂಬಲ್ಲಿ ಪೆನ್ನು ನಿಂತಿತು. ಮಾವ ಬಂದು ಮೇಜಿನ ಪಕ್ಕ ನಿಂತಿದ್ದರು.

"ಏನು ಬರೀತೀಯ?"

"ನೀವೇ ಹೇಳಿ, ಮಾವ."

"ನಾನೇನು ಹೇಳ್ಲಿ? ನೀನು ಆಗ್ಲೇ ಬರೆದ್ಬಿಟ್ಟಿದೀಯಲ್ಲ, ಊರಿಗೆಲ್ಲ ಕೇಳೋ ಹಾಗೆ."

"ಅದು ಸುಳ್ಳು ಬರೆದದ್ದು ಮಾವ. ತಪ್ಪಾಯ್ತು."

"ಸುಳ್ಳೇನೋ ಹೌದು." ಅವರು ರಟ್ಟನ್ನು ಮೊಣಕಾಲಿಗೆ ತಟ್ಟಿ ಧೂಳು ಕೊಡವಿದರು. "ಬೆಳಿಗ್ಗೆಯಿಂದ ನಾಲ್ಕು ಜನ ಫೋನ್ ಮಾಡಿದ್ರು. ಎಂಥ ರಟ್ಟು ಉಪಯೋಗಿಸ್ತೀರಿ ಯಜಮಾನ್ರೇ, ಎಷ್ಟು ದಪ್ಪ ಇರ್ಬೇಕು ಅಂತ. ನಾನು ಏನಂತ ಹೇಳ್ಬೇಕು? ಮೂವತ್ತೈದು ವರ್ಷದ ಅಭ್ಯಾಸ ಅಂತ ನೀನು ಓದಿದೀಯ. ಇನ್ಮೇಲೆ ಅದನ್ನ ನಿಜ ಮಾಡೋ ಕೆಲಸ ನನ್ನ ತಲೆಗೆ."

ನಾನು 'ರಟ್ಟು' ಎಂದು ಬರೆದೆ. ಅವರು ಬಗ್ಗಿ ಓದಿದರು. ಏಳು ವರ್ಷದಲ್ಲಿ ನನ್ನ ಕಾರ್ಡು ಯಾರಾದರೂ ಓದಿದ್ದು ಅದೇ ಮೊದಲು.

ಹೊರಗೆ ಇನ್ನೊಂದು ಲೋಡರು ಬಂದು ನಿಂತಿತ್ತು. ಬಲತೋಳಿನಲ್ಲಿ ಎಲ್ಲೋ ಸೋರಿಕೆಯಂತೆ. ನನ್ನ ಗಂಡ ಎಂಜಿನ್ ಚಾಲೂ ಮಾಡಿದ. ಮಾವ ರಟ್ಟು ಹಿಡಿದು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೋಸಿನ ಮುಂದೆ ನಿಂತರು. ಸುತ್ತ ನಿಂತವರು ಮಾತು ನಿಲ್ಲಿಸಿದರು. ಮಾವ ದೀರ್ಘವಾಗಿ ಉಸಿರು ಎಳೆದು, ರಟ್ಟನ್ನು ಒಂದು ಬೆರಳಿನ ಅಂತರದಲ್ಲಿ ನಿಧಾನವಾಗಿ ಸರಿಸತೊಡಗಿದರು.

ನಾನು ಬಾಗಿಲಿಗೆ ಬಂದು ನೋಡಿದೆ, ನೋಡದಿದ್ದರೆ ನನಗೆ ಸಮಾಧಾನವಿಲ್ಲ.

"ಮಾವ" ಎಂದೆ.

"ಏನಮ್ಮಾ ಈಗ?"

"ಕಣ್ಣು ಮುಚ್ಚಿದೀರ. ರಟ್ಟು ಹಿಡಿದಾಗ ಕಣ್ಣು ಬಿಟ್ಟಿರ್ಬೇಕು."